ಒಳಗೆ ಹೆಂಗಸರಿದ್ದಾರೆ

"ಎಲೆ ಚೆಲ್ಲೋಕೂ ಬರಲ್ವೇನ್ರೇ, ಕತ್ತೆ ಮುಂಡೇವಾ!" ಎಂದು ಮೇಸ್ತ್ರಿ ಅರಚಿದ. "ಹಂಗಲ್ಲ ಕಣೇ, ರಾಶಿ ಹಾಕ್ಬೇಡ. ತಾನಾಗೇ ಉದುರಿದಂಗೆ ಕಾಣ್ಬೇಕು. ತಾನಾಗೇ!"

ಗಡಿಬಿಡಿಯಕ್ಕ ಮೂಟೆಯ ಬಾಯಿ ಹಿಡಿದುಕೊಂಡು ಹಾಗೇ ನಿಂತಳು. ಹನ್ನೊಂದು ವರ್ಷದಿಂದ ಈ ಪಾರ್ಕಿನಲ್ಲಿ ಎಲೆ ಗುಡಿಸಿ ಬೈಸಿಕೊಂಡವಳು ಅವಳು. ಎಲೆ ಉಳಿಸಿದ್ದಕ್ಕೆ ಬೈಸಿಕೊಂಡಿದ್ದಳು, ಧೂಳೆಬ್ಬಿಸಿದ್ದಕ್ಕೆ ಬೈಸಿಕೊಂಡಿದ್ದಳು, ಒಮ್ಮೆ ಸೀನಿದ್ದಕ್ಕೂ ಬೈಸಿಕೊಂಡಿದ್ದಳು. ಎಲೆ ಚೆಲ್ಲಲು ಬಾರದೆಂದು ಬೈಸಿಕೊಂಡದ್ದು ಮಾತ್ರ ಇದೇ ಮೊದಲು. ನಿನ್ನೆ ಹತ್ತು ಜನ ಹೆಂಗಸರು ಸೊಂಟ ಮುರಿದುಕೊಂಡು ಗುಡಿಸಿ ಮೂಟೆ ಕಟ್ಟಿದ ಎಲೆಯನ್ನೇ ಇವತ್ತು ವಾಪಸ್ ಹೊತ್ತು ತಂದು, ಹುಲ್ಲಿನ ಮೇಲಿಟ್ಟ ಬಿಳಿ ಸ್ನಾನದ ತೊಟ್ಟಿಯ ಸುತ್ತ ಸುರಿಯಬೇಕಾಗಿತ್ತು. ಆ ತೊಟ್ಟಿಯೊಳಗೆ ಒಬ್ಬ ಕಲಾವಿದೆ ಕಣ್ಣು ಮುಚ್ಚಿ ಮಲಗಿ, ಮೂರು ದಿನ ಏನೂ ಮಾಡದೆ ಇರುವವಳಿದ್ದಳು. ಅದಕ್ಕೆ ಅವಳಿಗೆ ಹೂಗುಚ್ಛ ಬೇರೆ ಕೊಟ್ಟಿದ್ದರು.

ಪಾರ್ಕಿನಲ್ಲಿ ಮೂರು ದಿನದ ಕಲಾಮೇಳ. ಗೇಟಿನ ಮೇಲೆ 'ಕಲೆ ಜನರ ಬಳಿಗೆ' ಎಂಬ ಬಟ್ಟೆ ಕಟ್ಟಿದ್ದರು. ಒಳಗೆ ಕಾಲಿಟ್ಟರೆ ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡ ಒಬ್ಬ ಮನುಷ್ಯ ಕಲ್ಲಿನ ಮೇಲೆ ಅಲ್ಲಾಡದೆ ನಿಂತಿದ್ದ. ಆಚೆಗೆ ಖಾಲಿ ನೀರಿನ ಬಾಟಲಿಗಳ ಗೋಪುರ. ಆ ಬಾಟಲಿಗಳನ್ನು ಪಾರ್ಕಿನ ಮೂಲೆ ಮೂಲೆಯಿಂದ ಆಯ್ದು ತಂದವರು ಈ ಹತ್ತು ಹೆಂಗಸರೇ. ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದವನು ಯಾರೋ ಗಡ್ಡದವನು.

"ಎಲ್ಲಾ ಕೇಳಿಸ್ಕೊಳ್ರೇ," ಎಂದ ಮೇಸ್ತ್ರಿ. "ಮೂರು ದಿನ ಕಸ ಕಾಣ್ಬಾರ್ದು. ಕಸ ಗುಡಿಸೋರೂ ಕಾಣ್ಬಾರ್ದು. ಜನ ಬಂದ ತಕ್ಷಣ ಮರದ ಹಿಂದೆ ಸೇರ್ಕೊಳ್ಳಿ. ನಿಮ್ಮ ಮೂತಿ ನೋಡೋಕೆ ಯಾರೂ ಬರ್ತಿಲ್ಲ ಇಲ್ಲಿ."

"ಮೇಸ್ತ್ರಿ, ಆ ಬೀಗದ ಕೈ..." ಎಂದಳು ಗಡಿಬಿಡಿಯಕ್ಕ.

"ಯಾವ ಬೀಗದ ಕೈ?"

"ಕಕ್ಕಸಿಂದು. ಇವತ್ತು ಎಲ್ಲಿ ನೋಡಿದ್ರೂ ಜನ. ಒಂದೇ ಒಂದ್ಸಲ."

ಅವಳಿಗೆ ಆ ಹೆಸರು ಬಂದದ್ದೇ ಇದರಿಂದ. ಸಕ್ಕರೆ ಕಾಯಿಲೆ; ಗಂಟೆಗೊಮ್ಮೆ ಪೊರಕೆ ಬಿಸಾಕಿ ಓಡಲೇಬೇಕು. ಪಾರ್ಕಿನ ನಡುವೆ ನಾಲ್ಕು ಕೋಣೆಗಳ, ಒಂದೇ ಹೊರಬಾಗಿಲಿನ, ನುಣುಪಾದ ಟೈಲ್ಸ್ ಹಾಕಿದ ಕಕ್ಕಸು ಇತ್ತು. ದಿನಾ ಬೆಳಿಗ್ಗೆ ಆರಕ್ಕೆ ಮೇಸ್ತ್ರಿ ಬೀಗ ತೆಗೆಯುತ್ತಿದ್ದ, ಇವರು ಒಳಹೊಕ್ಕು ಫಳಫಳ ತೊಳೆಯುತ್ತಿದ್ದರು, ಅವನು ಮತ್ತೆ ಬೀಗ ಜಡಿದು ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದ. ದೊಡ್ಡವರು ಯಾರಾದರೂ ಬಂದಾಗ ಬಾಗಿಲು ತೆರೆಯುತ್ತಿತ್ತು. ಈಗ ಮೇಳ ಶುರುವಾದೊಡನೆ ತೆರೆಯಲೆಂದು ಒಬ್ಬ ಕಾವಲುಗಾರನನ್ನು ನಿಲ್ಲಿಸಿ, 'ಕಲಾವಿದರು ಮತ್ತು ಅತಿಥಿಗಳಿಗೆ ಮಾತ್ರ' ಎಂದು ಬೋರ್ಡು ಹಾಕಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೂ ಕೊಟ್ಟಿರಲಿಲ್ಲ.

"ಇಷ್ಟು ದೊಡ್ಡ ಪಾರ್ಕಿದೆ, ಪೊದೆ ಇಲ್ವೇನೇ?" ಎಂದ ಮೇಸ್ತ್ರಿ. "ನಿಮ್ಮಜ್ಜಿ ಏನು ಟೈಲ್ಸ್ ಮೇಲೆ ಕೂತ್ಕೋತಿದ್ಲಾ?"

ಪಕ್ಕದಲ್ಲಿದ್ದ ಇಬ್ಬರು ಮಾಲಿಗಳು ಕಿಸಕ್ಕೆಂದು ನಕ್ಕರು. ಗಡಿಬಿಡಿಯಕ್ಕನ ಕಿವಿ ಬಿಸಿಯಾಯಿತು. ಮೂಟೆ ಕೊಡವಿ ಬಕೆಟ್ಟು, ಪೊರಕೆ ಎತ್ತಿಕೊಂಡಳು. ಇನ್ನು ತಡೆದುಕೊಳ್ಳುವ ಹಾಗಿರಲಿಲ್ಲ.

ಪಂಪ್‌ಹೌಸಿನ ಹಿಂದೆ ಒತ್ತಾದ ಪೊದೆಯೊಂದಿತ್ತು. ಅದೇ ಹತ್ತು ಹೆಂಗಸರ ಕಕ್ಕಸು. ಅದಕ್ಕೊಂದು ಕಾನೂನೂ ಇತ್ತು. ಹೋಗುವವಳು ಉದ್ದ ಕೋಲಿನ ಪೊರಕೆಯನ್ನು ತಲೆಕೆಳಗು ಮಾಡಿ, ಮರಳು ತುಂಬಿದ ಬಕೆಟ್ಟಿನಲ್ಲಿ ನೆಟ್ಟು, ಸೀರೆಯ ಮೇಲೆ ತೊಡುವ ತನ್ನ ಕಿತ್ತಳೆ ಬಣ್ಣದ ಕೆಲಸದ ಜಾಕೆಟ್ಟನ್ನು ಅದಕ್ಕೆ ತೊಡಿಸಿ, ಕಾಲುದಾರಿಯ ನಟ್ಟನಡುವೆ ನಿಲ್ಲಿಸಬೇಕು. ಒಳಗೆ ಹೆಂಗಸರಿದ್ದಾರೆ ಎಂದು ಅರ್ಥ. ಅದನ್ನು ಕಂಡರೆ ಮಾಲಿಗಳು ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಹಗಲಲ್ಲೇ ಕುಡಿದು ಬೆಂಚಿನ ಮೇಲೆ ಬಿದ್ದಿರುತ್ತಿದ್ದ ಬಡಗಿ ಕೂಡ ಎದ್ದು, ತೂರಾಡಿಕೊಂಡು ಆಚೆ ದಾರಿ ಹಿಡಿಯುತ್ತಿದ್ದ. ಹನ್ನೊಂದು ವರ್ಷದಲ್ಲಿ ಆ ಜಾಕೆಟ್ಟನ್ನು ದಾಟಿದ ಗಂಡಸು ಒಬ್ಬನೂ ಇಲ್ಲ.

ಗಡಿಬಿಡಿಯಕ್ಕ ಅಂದೂ ಹಾಗೇ ಮಾಡಿದಳು. ಪೊರಕೆ ನೆಟ್ಟಳು, ಜಾಕೆಟ್ ತೊಡಿಸಿದಳು, ಓಡಿದಳು. ಇವತ್ತು ಪಾರ್ಕಿಗೆ ಬಂದಿರುವವರಲ್ಲಿ ಆ ಗುರುತನ್ನು ಬಲ್ಲವರು ಯಾರೂ ಇಲ್ಲ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಅತ್ತ ಮೇಳದವರಿಗೂ ಒಂದು ತಾಪತ್ರಯವಿತ್ತು. ಹದಿನೇಳನೇ ನಂಬರಿನ ಕಲಾವಿದ ಬಂದಿರಲಿಲ್ಲ, ಫೋನೂ ಎತ್ತುತ್ತಿರಲಿಲ್ಲ. ಅವನಿಗೆ ಕೊಟ್ಟಿದ್ದ ಜಾಗ ಪಂಪ್‌ಹೌಸಿನ ದಾರಿ. ಅವನ ಕೃತಿಯ ಹೆಸರು ಮಾತ್ರ ವಾರದ ಹಿಂದೆಯೇ ಕಾರ್ಡಿನ ಮೇಲೆ ಅಚ್ಚಾಗಿತ್ತು. ಆ ಕಾರ್ಡು ಹಿಡಿದು ಹುಡುಕುತ್ತಾ ಬಂದ ಇಬ್ಬರು ಕಾರ್ಯಕರ್ತೆಯರು, ಜಾಕೆಟ್ ತೊಟ್ಟು ನಿಂತ ಪೊರಕೆಯನ್ನು ನೋಡಿ "ಅಬ್ಬಾ, ಬಂದಿದಾನೆ!" ಎಂದು ನಿಟ್ಟುಸಿರು ಬಿಟ್ಟರು. ಸುತ್ತ ನಾಲ್ಕು ಗೂಟ ಹೊಡೆದು ಕೆಂಪು ಹಗ್ಗ ಕಟ್ಟಿ, 'ದಯವಿಟ್ಟು ಮುಟ್ಟಬೇಡಿ' ಎಂದು ಬೋರ್ಡು ತೂಗುಹಾಕಿ, ಬಕೆಟ್ಟಿನ ಮುಂದೆ ಕಾರ್ಡು ನಿಲ್ಲಿಸಿದರು. '೧೭. ಅವಳು ಎಲ್ಲಿ?'

ಅವಳು ಹತ್ತು ಹೆಜ್ಜೆಯಾಚೆ ಪೊದೆಯೊಳಗೆ ಕುಕ್ಕರುಗಾಲಲ್ಲಿ ಕೂತಿದ್ದಳು.

ಕೂತಲ್ಲೇ ಅವಳಿಗೆ ಮೊದಲು ಕೇಳಿಸಿದ್ದು ಬೂಟಿನ ಸದ್ದು. ಆಮೇಲೆ ಕ್ಯಾಮೆರಾದ ಕ್ಲಿಕ್ಕು. ಒಬ್ಬಿಬ್ಬರಲ್ಲ, ನಲವತ್ತು ಜನ.

"ಎಂಥಾ ಖಾಲಿತನ ನೋಡಿ," ಎಂದಿತು ಒಂದು ಗಂಡು ಧ್ವನಿ. "ಅಂಗಿ ಇದೆ, ಮೈ ಇಲ್ಲ."

"ಹಿಂದೆ ಆ ಪೊದೆ ಯಾಕೆ ಅಲ್ಲಾಡ್ತಿದೆ?"

"ಅದೂ ಕೃತಿಯ ಭಾಗ ಇರ್ಬೇಕು."

ಗಡಿಬಿಡಿಯಕ್ಕ ಉಸಿರು ಬಿಗಿಹಿಡಿದಳು. ಪೊದೆ ನಿಂತಿತು. "ನಿಂತೋಯ್ತು, ನಿಂತೋಯ್ತು!" ಎಂದು ಜನ ಖುಷಿಪಟ್ಟರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬಂದ ಕೆಲಸ ಮುಗಿದಿತ್ತು. ಆದರೆ ಸೀರೆ ಸರಿಮಾಡಿಕೊಳ್ಳಲು ಎದ್ದರೆ ತಲೆ ಕಾಣುತ್ತದೆ. ನಲವತ್ತೊಂಬತ್ತು ವರ್ಷದ ಹೆಂಗಸು, ಇಬ್ಬರು ಅಳಿಯಂದಿರ ಅತ್ತೆ, ನಾಚಿಕೆಯಿಂದ ಅವಳ ಕಣ್ಣಲ್ಲಿ ನೀರು ಬಂತು.

ಅಷ್ಟರಲ್ಲಿ ಅವಳ ನಾದಿನಿ ದೂರದಿಂದ ಇದನ್ನು ಕಂಡಳು. ಅವಳೂ ಅದೇ ಪಾರ್ಕಿನಲ್ಲಿ ಗುಡಿಸುವವಳು. ಬಾಯಿ ಅಂದರೆ ಊರಗಲ. ಅತ್ತಿಗೆಯ ಜಾಕೆಟ್ಟು, ಅದರ ಸುತ್ತ ಗಂಡಸರು! ಪೊರಕೆ ಎತ್ತಿಕೊಂಡೇ ಓಡಿ ಬಂದು, ಹಗ್ಗ ಹಾರಿ, ಎರಡೂ ಕೈ ಅಗಲಿಸಿ ನಿಂತಳು.

"ಹಿಂದಕ್ಕೆ ಹೋಗ್ರೋ! ಒಳಗೆ ಹೆಂಗಸರಿದಾರೆ! ಕಣ್ಣು ಕಾಣಲ್ವಾ? ಮನೇಲಿ ಅಕ್ಕತಂಗೀರು ಇಲ್ವೇನ್ರೋ ಬೇವರ್ಸಿಗಳಾ?"

ಜನ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಯಾರೋ ಚಪ್ಪಾಳೆ ಶುರುಮಾಡಿದರು. ನಲವತ್ತು ಜನವೂ ತಟ್ಟಿದರು. ನಾದಿನಿ ಇಂಗು ತಿಂದ ಮಂಗನ ಹಾಗೆ ಬಾಯಿ ತೆರೆದುಕೊಂಡು ನಿಂತಳು. ಬೈದರೆ ಬಡಿಯುವವರನ್ನು ಅವಳು ಕಂಡಿದ್ದಳು, ಚಪ್ಪಾಳೆ ತಟ್ಟುವವರನ್ನು ಕಂಡಿರಲಿಲ್ಲ.

ಆ ಗದ್ದಲದಲ್ಲಿ ಗಡಿಬಿಡಿಯಕ್ಕ ಸೀರೆ ಸರಿಮಾಡಿಕೊಂಡು, ತಲೆಯಲ್ಲಿ ಎರಡು ಎಲೆ ಸಿಕ್ಕಿಸಿಕೊಂಡೇ ಹೊರಗೆ ಬಂದಳು. ಚಪ್ಪಾಳೆ ಇಮ್ಮಡಿಯಾಯಿತು. ಮೇಳದ ಯಜಮಾನಿ, ಕೊರಳಲ್ಲಿ ಬೆಣಚುಕಲ್ಲಿನಷ್ಟು ದಪ್ಪ ಮಣಿಗಳ ಸರ ಹಾಕಿದ್ದ ಮೇಡಂ, ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡರು.

"ಇದು ನಿಮ್ಮದಾ?"

"ಹೂಂ ಮೇಡಂ, ನಂದೇ. ಬಕೆಟ್ಟು ಆಫೀಸಿಂದು."

"ಇದು ಏನು ಹೇಳುತ್ತೆ ಅಂತ ಜನಕ್ಕೆ ಒಂದೆರಡು ಮಾತು ಹೇಳ್ತೀರಾ?"

ಗಡಿಬಿಡಿಯಕ್ಕನಿಗೆ ಸುಳ್ಳು ಹೇಳಲು ಬೇಕಾಗುವಷ್ಟು ಪುರುಸೊತ್ತು ಯಾವತ್ತೂ ಸಿಕ್ಕಿದ್ದಿಲ್ಲ. "ಹೆಂಗಸೊಬ್ಳು ಉಚ್ಚೆಗೆ ಕೂತಿದಾಳೆ, ಗಂಡಸರು ಈ ಕಡೆ ಬರ್ಬೇಡಿ ಅಂತ ಹೇಳುತ್ತೆ ಮೇಡಂ."

ಮಣಿಸರದ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಕಣ್ಣು ಒದ್ದೆಯಾಯಿತು. "ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ," ಎಂದು ಬಿಕ್ಕುತ್ತಲೇ ಒಂದು ಹಳದಿ ದಾರದ ಬಿಲ್ಲೆ ತೆಗೆದು ಅವಳ ಕೊರಳಿಗೆ ಹಾಕಿದರು. ಅದರ ಮೇಲೆ ಹೆಸರಿಲ್ಲ, ಫೋಟೋ ಇಲ್ಲ. 'ಕಲಾವಿದರು, ೧೭' ಎಂದಷ್ಟೇ ಇತ್ತು.

"ಇದನ್ನ ಹಾಕ್ಕೊಂಡ್ರೆ ಆ ಕಕ್ಕಸಿಗೆ ಬಿಡ್ತಾರಾ?" ಎಂದಳು ಗಡಿಬಿಡಿಯಕ್ಕ.

"ಅಯ್ಯೋ, ಖಂಡಿತ!"

ಹನ್ನೊಂದು ವರ್ಷ ತೊಳೆದ ಕಕ್ಕಸಿನೊಳಗೆ ಅವಳು ಮೊದಲ ಸಲ ಚಿಲಕ ಹಾಕಿಕೊಂಡು ಕೂತಳು. ಹೊರಗೆ ಯಾರೂ ಕಾಯುವ ಅಗತ್ಯವಿಲ್ಲ, ಮುಳ್ಳಿಲ್ಲ, ಸೊಳ್ಳೆಯಿಲ್ಲ, ಕತ್ತೆತ್ತಿ ಕತ್ತೆತ್ತಿ ನೋಡಬೇಕಿಲ್ಲ. ಎದುರಿನ ಟೈಲ್ಸಿನ ಮೇಲೆ ತಾನೇ ಬೆಳಿಗ್ಗೆ ಉಜ್ಜಿದ ಹೊಳಪು. ಸುಖವೆನಿಸಿತು. ಅದರ ಹಿಂದೆಯೇ ಸಿಟ್ಟು ಬಂತು, ಎಂಥಾ ಸಿಟ್ಟೆಂದರೆ ಎದ್ದು ಒಂದು ಚೊಂಬು ಸಾಕಾಗುವಲ್ಲಿ ಇಡೀ ಬಕೆಟ್ಟು ನೀರು ಸುರಿದಳು.

ಸಂಜೆಯೊಳಗೆ ಆ ಬಿಲ್ಲೆ ಹತ್ತು ಕೊರಳು ಸುತ್ತಿತು. ಒಬ್ಬಳು ಹೊರಬಂದು ಮರದ ಮರೆಯಲ್ಲಿ ಇನ್ನೊಬ್ಬಳ ಕೊರಳಿಗೆ ಹಾಕುವುದು, ಅವಳು ಗಂಭೀರವಾಗಿ ನಡೆದುಹೋಗುವುದು. ಕಕ್ಕಸಿನ ಕಾವಲುಗಾರ ಒಂಬತ್ತನೇ ಸಲಕ್ಕೆ ಕನ್ನಡಕ ಒರೆಸಿಕೊಂಡ.

"ಹದಿನೇಳಕ್ಕೆ ಏನಮ್ಮಾ ಆಗಿದೆ? ಹೊಟ್ಟೆ ಕೆಟ್ಟಿದೆಯಾ?"

"ಕಲೆ ಅಣ್ಣಾ," ಎಂದಳು ನಾದಿನಿ. "ತಡ್ಕೊಳ್ಳೋಕಾಗಲ್ಲ."

ಮೇಸ್ತ್ರಿಗೆ ವಿಷಯ ಗೊತ್ತಾದದ್ದು ಎರಡನೇ ದಿನ. ಗಡಿಬಿಡಿಯಕ್ಕ ಜಾಕೆಟ್ಟಿಲ್ಲದೆ, ಪೊರಕೆಯಿಲ್ಲದೆ, ಹಗ್ಗದೊಳಗೆ ಮೇಡಂ ಹಾಕಿಸಿಕೊಟ್ಟ ಕುರ್ಚಿಯ ಮೇಲೆ ಕೂತಿದ್ದಳು. ಕೂತು ಕೂತು ಏನು ಮಾಡುವುದೆಂದು ತಿಳಿಯದೆ ಕಾಲ್ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದಳು. ಜನ ಅದರ ಫೋಟೋವನ್ನೂ ತೆಗೆಯುತ್ತಿದ್ದರು.

"ಯಾವಳಪ್ಪನ ಮನೆ ಕುರ್ಚಿನೇ ಅದು?" ಎಂದು ಮೇಸ್ತ್ರಿ ಕೆಂಡಾಮಂಡಲವಾದ. "ಏಳೇ, ದರಿದ್ರದವಳೇ! ಗುಡ್ಸೋ ನಾಯಿಗೆ ಸಿಂಹಾಸನ ಬೇಕಾ? ಎದ್ದು ಪೊರಕೆ ಹಿಡಿ, ಇಲ್ದಿದ್ರೆ ಒದ್ದು ಓಡಿಸ್ತೀನಿ!"

ಸುತ್ತಲಿದ್ದವರು ಉಸಿರು ಬಿಗಿಹಿಡಿದು ಕೇಳಿದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. "ಎಷ್ಟು ಸಹಜವಾಗಿ ಮಾಡ್ತಾರೆ!" ಎಂದಳು ಒಬ್ಬ ಹುಡುಗಿ. "ಇನ್ನೊಂದ್ಸಲ ಬೈರಿ ಸಾರ್, ವಿಡಿಯೋ ಆನ್ ಮಾಡಿರ್ಲಿಲ್ಲ!"

ಮೇಸ್ತ್ರಿ ತಬ್ಬಿಬ್ಬಾದ. ಅವನ ಬೈಗುಳಕ್ಕೆ ಹೆದರಿದವರುಂಟು, ಹಿಂದಿನಿಂದ ಶಾಪ ಹಾಕಿದವರುಂಟು, ಮೆಚ್ಚಿದವರು ಯಾರೂ ಇರಲಿಲ್ಲ. ಕೈ ತಾನಾಗಿ ಮೀಸೆಗೆ ಹೋಯಿತು. ಗಂಟಲು ಸರಿಮಾಡಿಕೊಂಡು, ಕ್ಯಾಮೆರಾ ಕಡೆಗೆ ಸ್ವಲ್ಪ ತಿರುಗಿ, ಎರಡನೇ ಸಲ ಇನ್ನೂ ಚೆನ್ನಾಗಿ ಬೈದ.

ಗಡಿಬಿಡಿಯಕ್ಕ ಆ ಜನರ ಮುಖಗಳನ್ನು ಒಂದೊಂದಾಗಿ ನೋಡಿದಳು. ಒಬ್ಬರಾದರೂ "ಯಾಕಯ್ಯಾ ಹಂಗೆ ಬೈತೀಯಾ?" ಎಂದು ಕೇಳುತ್ತಾರೇನೋ ಎಂದು ಕಾದಳು. ಯಾರೂ ಕೇಳಲಿಲ್ಲ.

ಬಕೆಟ್ಟಿನಲ್ಲಿ ನೆಟ್ಟ ಪೊರಕೆ ಕಿತ್ತುಕೊಳ್ಳಲು ಮೇಸ್ತ್ರಿ ಕೈ ಚಾಚಿದಾಗ ಮಾತ್ರ ಕಾರ್ಯಕರ್ತೆ ಓಡಿಬಂದಳು. "ಸಾರ್, ಸಾರ್! ಮುಟ್ಟಬಾರದು! ಹಾಳಾಗುತ್ತೆ!"

ಮೇಸ್ತ್ರಿ ಬಗ್ಗಿ ಗಡಿಬಿಡಿಯಕ್ಕನ ಕಿವಿಯಲ್ಲಿ ಹೇಳಿದ. ಇದು ಯಾರಿಗೂ ಕೇಳಿಸಲಿಲ್ಲ, ಹಾಗಾಗಿ ಚಪ್ಪಾಳೆಯೂ ಬೀಳಲಿಲ್ಲ. "ಮೇಳ ನಾಳೆಗೆ ಮುಗಿಯುತ್ತೆ. ನಾಡಿದ್ದು ಕಕ್ಕಸಿಗೆ ಬೀಗ, ಬೀಗದ ಕೈ ನನ್ನ ಸೊಂಟದಲ್ಲಿ. ಆಗ ಎಲ್ಲಿಗೆ ಓಡ್ತೀಯೋ ನೋಡ್ತೀನಿ."

ಮೂರನೇ ದಿನ ಮಧ್ಯಾಹ್ನ ವೇದಿಕೆಯ ಮೇಲೆ ದೊಡ್ಡ ಸಾಹೇಬರು ಬಂದು ಕೂತರು. ಊರಿನ ಪಾರ್ಕುಗಳೆಲ್ಲ ಅವರ ಕೈಕೆಳಗೆ. ಬಿಸಿಲು ಜೋರಾಗಿತ್ತು, ಭಾಷಣಗಳು ಮುಗಿಯುವಷ್ಟರಲ್ಲಿ ಸಾಹೇಬರು ಮೂರು ಲೋಟ ಹಣ್ಣಿನ ರಸ ಖಾಲಿ ಮಾಡಿದ್ದರು. ಮೊದಲ ಬಹುಮಾನ ಹದಿನೇಳಕ್ಕೆ ಬಂತು. ಗಡಿಬಿಡಿಯಕ್ಕನನ್ನು ವೇದಿಕೆಗೆ ಹತ್ತಿಸಿ ಕೈಗೊಂದು ಗಾಜಿನ ಫಲಕ ಕೊಟ್ಟರು.

"ಈ ಕೃತಿ ಇಲ್ಲೇ ಶಾಶ್ವತವಾಗಿ ಉಳಿಯುತ್ತೆ!" ಎಂದು ಸಾಹೇಬರು ಸಾರಿದರು. "ಇದೇ ಪೊರಕೆ, ಇದೇ ಬಕೆಟ್ಟು, ಕಂಚಿನಲ್ಲಿ ಎರಕ ಹೊಯ್ಸಿ ಅದೇ ಜಾಗದಲ್ಲಿ ನಿಲ್ಲಿಸ್ತೀವಿ. ಸುತ್ತ ದೀಪ ಹಾಕಿಸ್ತೀವಿ, ಕೂತು ನೋಡೋಕೆ ಕಲ್ಲುಬೆಂಚು ಹಾಕಿಸ್ತೀವಿ. ಹಿಂದಿನ ಆ ಕಾಡುಪೊದೆ ಕಡಿಸಿಬಿಟ್ರೆ ರಸ್ತೆಯಿಂದಲೇ ಚೆನ್ನಾಗಿ ಕಾಣುತ್ತೆ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗಡಿಬಿಡಿಯಕ್ಕನ ಕೈಯಲ್ಲಿದ್ದ ಫಲಕ ಜಾರಿತು, ಮಣಿಸರದ ಮೇಡಂ ಹಿಡಿದುಕೊಂಡರು. ಕೆಳಗೆ ನಿಂತಿದ್ದ ಒಂಬತ್ತು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅವಳು ಮೈಕಿನ ಹತ್ತಿರ ಹೋದಳು. "ಪೊದೆ ಕಡೀಬೇಡಿ ಸಾರ್."

ಜನ ನಕ್ಕರು.

"ನಗೋ ಮಾತಲ್ಲ. ನಾವು ಹತ್ತು ಜನ ಹೋಗೋದೇ ಅಲ್ಲಿಗೆ. ಕಡಿಯೋದಾದ್ರೆ ಆ ಕಕ್ಕಸಿನ ಬೀಗದ ಕೈ ಕೊಡ್ಸಿ. ನಂಗೆ ಈ ಗಾಜು ಬೇಡ. ಬೀಗದ ಕೈ ಕೊಡ್ಸಿ."

ಸಾಹೇಬರು ಮೇಡಂ ಕಡೆಗೆ ಬಾಗಿ, "ಬೀಗದ ಕೈ! ಎಂಥಾ ಆಳವಾದ ಪ್ರತಿಮೆ!" ಎಂದರು. ಮೈಕು ಹತ್ತಿರವೇ ಇದ್ದದ್ದರಿಂದ ಎಲ್ಲರಿಗೂ ಕೇಳಿಸಿತು. ಮತ್ತೆ ಚಪ್ಪಾಳೆ. ಮೇಸ್ತ್ರಿ ವೇದಿಕೆಯ ಪಕ್ಕದಲ್ಲಿ ನಿಂತು ಸೊಂಟದ ಗೊಂಚಲನ್ನು ಝಣಝಣ ಅನ್ನಿಸಿ ಹಲ್ಲು ಕಿರಿದ.

ಗಡಿಬಿಡಿಯಕ್ಕ ವೇದಿಕೆ ಇಳಿದು ನೇರವಾಗಿ ಪಂಪ್‌ಹೌಸಿನ ದಾರಿಗೆ ನಡೆದಳು. ಹಗ್ಗ ದಾಟಿ, ಬಕೆಟ್ಟನ್ನು ಪೊರಕೆ, ಜಾಕೆಟ್ಟಿನ ಸಮೇತ ಸೊಂಟಕ್ಕೆ ಎತ್ತಿಕೊಂಡಳು. "ಏಯ್, ಮುಟ್ಬಾರ್ದು!" ಎಂದಳು ಕಾರ್ಯಕರ್ತೆ. "ಅವರೇ ಕಲಾವಿದೆ ಕಣೇ," ಎಂದಳು ಇನ್ನೊಬ್ಬಳು. ಒಂಬತ್ತು ಹೆಂಗಸರು ಹಿಂದೆ ಬಂದರು. ಅವರ ಹಿಂದೆ ಕ್ಯಾಮೆರಾ ಎತ್ತಿಕೊಂಡು ಜನವೆಲ್ಲ ಬಂದಿತು.

ಕಕ್ಕಸಿನ ಮುಂದೆ ಅವಳು ಬಕೆಟ್ಟು ಇಳಿಸಿದಳು. ಪೊರಕೆಯನ್ನು ನೆಟ್ಟಗೆ ಮಾಡಿದಳು, ಜಾಕೆಟ್ಟಿನ ಗುಂಡಿ ಹಾಕಿದಳು. ಕಾವಲುಗಾರನಿಗೆ ಬಿಲ್ಲೆ ತೋರಿಸಿದಳು.

"ಉಳಿದೋರು?" ಎಂದ ಅವನು.

"ಅವ್ರೂ ಹದಿನೇಳೇ. ನೀನೇ ಲೆಕ್ಕ ಇಟ್ಟಿದೀಯಲ್ಲ."

ಹತ್ತು ಜನವೂ ಒಳಗೆ ಹೋದರು. ಹೊರಬಾಗಿಲ ಚಿಲಕ ಬಿತ್ತು.

ಕಾರ್ಯಕರ್ತೆಯರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಓಡಿಹೋಗಿ ಗೂಟ, ಕೆಂಪು ಹಗ್ಗ, 'ದಯವಿಟ್ಟು ಮುಟ್ಟಬೇಡಿ' ಬೋರ್ಡು, ಕಾರ್ಡು ಎಲ್ಲವನ್ನೂ ತಂದು ಬಾಗಿಲ ಮುಂದೆ ಕಟ್ಟಿದರು. ಜನ ಹುಲ್ಲಿನ ಮೇಲೆ ಕೂತು ನೋಡತೊಡಗಿದರು.

ಕಾಲು ಗಂಟೆ ಕಳೆದಿರಬೇಕು. ದೊಡ್ಡ ಸಾಹೇಬರು ಅವಸರದ ಹೆಜ್ಜೆಯಲ್ಲಿ ಅತ್ತ ಬಂದರು. ಮೂರು ಲೋಟ ರಸ ತನ್ನ ಕೆಲಸ ಮಾಡಿತ್ತು. ಹಗ್ಗದ ಮುಂದೆ ಕಾವಲುಗಾರ ಕೈ ಅಡ್ಡ ಹಿಡಿದ. "ಸಾರ್, ಕೃತಿ ನಡೀತಾ ಇದೆ."

"ಅಯ್ಯೋ, ನಂಗೆ ಅರ್ಜೆಂಟು ಕಣಯ್ಯಾ!"

ಜನ ಚಪ್ಪಾಳೆ ತಟ್ಟಿದರು.

ಸಾಹೇಬರು ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡು ಮೇಸ್ತ್ರಿಯ ಕಡೆ ನೋಡಿದರು. ಆ ನೋಟಕ್ಕೆ ಮೇಸ್ತ್ರಿಯ ಮೀಸೆ ಇಳಿಯಿತು. ಅವನು ಹಗ್ಗದ ಕೆಳಗೆ ನುಸುಳಿ ಬಾಗಿಲಿಗೆ ಬಾಯಿ ಹಚ್ಚಿದ.

"ಅಕ್ಕಾ... ಅಕ್ಕಾ, ಸ್ವಲ್ಪ ಬೇಗ. ಸಾಹೇಬ್ರು ಕಾಯ್ತಿದಾರೆ."

ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಅಕ್ಕಾ ಎಂದು ಬಂದದ್ದು ಅದೇ ಮೊದಲು. ಒಳಗಿನಿಂದ ಗಡಿಬಿಡಿಯಕ್ಕನ ದನಿ ಬಂತು, ನಿಧಾನವಾಗಿ, ಎಲ್ಲರಿಗೂ ಕೇಳುವ ಹಾಗೆ.

"ಇಷ್ಟು ದೊಡ್ಡ ಪಾರ್ಕಿದೆಯಲ್ಲ ಮೇಸ್ತ್ರಿ. ಪೊದೆ ತೋರ್ಸು."

ಸಾಹೇಬರು ಪೊದೆಯ ಕಡೆಗೆ ತಿರುಗಿ ಒಂದು ಹೆಜ್ಜೆ ಇಟ್ಟರು. ಅರವತ್ತು ಕ್ಯಾಮೆರಾಗಳು ಜೊತೆಗೆ ತಿರುಗಿದವು. ಅವರು ಹೆಜ್ಜೆ ವಾಪಸ್ ತೆಗೆದುಕೊಂಡರು.

"ಕೊಟ್ಟು ಸಾಯೋ ಆ ಬೀಗದ ಕೈನ!" ಎಂದು ಹಲ್ಲು ಕಚ್ಚಿ ಮೇಸ್ತ್ರಿಯನ್ನು ಗದರಿದರು. ಅವರ ಹಣೆಯಲ್ಲಿ ಬೆವರು ಕಿತ್ತುಬಂದಿತ್ತು.

ಒಳಗೆ ಹತ್ತು ಹೆಂಗಸರು ಒದ್ದೆ ಟೈಲ್ಸಿನ ಮೇಲೆ, ತಲೆಕೆಳಗು ಹಾಕಿದ ಬಕೆಟ್ಟುಗಳ ಮೇಲೆ, ಕಾಲು ನೀಡಿಕೊಂಡು ಕೂತಿದ್ದರು. ಹೊರಗೆ ಮೇಸ್ತ್ರಿ ಗೊಂಚಲಿನಿಂದ ಕೀಲಿಕೈ ಬಿಡಿಸಲು ಒದ್ದಾಡುವ ಝಣಝಣ ಕೇಳಿಸಿತು. ಎರಡು ಸಲ ಕೆಳಗೆ ಬಿತ್ತು. ಕೊನೆಗೆ ಬಾಗಿಲ ಸಂದಿಯಿಂದ ಒಂಟಿ ಕೀಲಿಕೈ ನೆಲ ತಡವುತ್ತಾ ಒಳಗೆ ಬಂತು. ನಾದಿನಿ ಅದರ ಮೇಲೆ ಕಾಲಿಟ್ಟು ಹಿಡಿದುಕೊಂಡಳು.

"ಅತ್ತಿಗೆ, ಕೊಟ್ಟ ಬೋಳಿಮಗ. ಚಿಲಕ ತೆಗೀಲಾ?"

ಗಡಿಬಿಡಿಯಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ.

"ಕೂತ್ಕೊಳೇ," ಎಂದಳು. "ಏನು ಅವಸರ?"